ಬಿಲ್ಲೆ ಆರುನೂರ ಹನ್ನೆರಡು

ಒಟೀಲಿಯ ಎಂದರೆ ಮಾಲೀಕನ ಮಗಳು,
ಒಂಬತ್ತಕ್ಕೇ ಗಂಟಲುಮಾರಿಗೆ ಹೋದವಳು.
ಗೋಧಿ ಕೊಯ್ದ ಹೊಲದಲ್ಲಿ ನೆಲಕ್ಕೆ ತೂತು ಕೊರೆದು
ಆ ತೂತಿಗೆ ಅವಳ ಹೆಸರಿಟ್ಟರು.
ಆಮೇಲೆ ನೂರು ವರ್ಷ
"ಒಟೀಲಿಯಳ ಹತ್ತಿರ ಹೋಗಿಬರ್ತೀನಿ" ಎಂದೇ
ಗಂಡಸರು ಮನೆಯಲ್ಲಿ ಹೇಳಿ ಹೊರಟರು.

ನನ್ನ ತಾತ ಮಾಜೂರಿಯದ ಕೆರೆಗಳ ಕಡೆಯವನು.
ಈಜು ಬಲ್ಲ, ಬಲೆ ಬಲ್ಲ,
ಕಲ್ಲಿದ್ದಲು ಕಂಡವನಲ್ಲ.
ರೂರ್ ಸೀಮೆಯಲ್ಲಿ ರೈಲಿಳಿದು ಸಾಲಲ್ಲಿ ನಿಂತವನ ಕೈಗೆ
ಹಿತ್ತಾಳೆಯ ಬಿಲ್ಲೆ ಕೊಟ್ಟರು: ಆರುನೂರ ಹನ್ನೆರಡು.
ಇಳಿಯುವಾಗ ಜೇಬಿಗೆ, ಏರಿದ ಮೇಲೆ ಮೊಳೆಗೆ.
ಪಾಳಿ ಮುಗಿದೂ ಮೊಳೆ ಬರಿದಿದ್ದರೆ
ಗೇಟಿನಾಚೆ ಒಬ್ಬ ಹೆಂಗಸು
ಏಪ್ರನ್ನಿನಲ್ಲೇ ನಿಂತಿರುತ್ತಿದ್ದಳು.

ಒಂದು ಮಾರ್ಚಿಯಲ್ಲಿ ಗಾಳಿಗೆ ಕಿಡಿ ತಗುಲಿ
ಮೂವತ್ತೊಂದು ಮೊಳೆ ಬರಿದಾದವು.
ಅಂದು ತಾತ ರಜೆ. ದವಡೆ ಹಲ್ಲಿನ ನೋವು.
ನಮ್ಮ ವಂಶವೇ ಒಂದು ಹುಳುಕು ಹಲ್ಲಿನ ಪುಣ್ಯ.

ಅಪ್ಪನಿಗೂ ಅದೇ ಬಿಲ್ಲೆ. ಅಂಕಿ ಬದಲಾಗಲಿಲ್ಲ,
ಗೋಪುರದ ಮೇಲಿನ ಬಾವುಟ ಮಾತ್ರ ಬದಲಾಗುತ್ತಿತ್ತು.
ಯುದ್ಧದಲ್ಲಿ ಮುಳ್ಳುತಂತಿಯೊಳಗಿಂದ ಬಂದು ಇಳಿದ
ಉಕ್ರೇನಿನ ಹುಡುಗರಿಗೆ ಬಿಲ್ಲೆ ಇರಲಿಲ್ಲ,
ಬರಿದಾಗಲು ಒಂದು ಮೊಳೆಯೂ ಇರಲಿಲ್ಲ.
ಆ ಬಗ್ಗೆ ಅಪ್ಪ ಬಾಯಿಬಿಟ್ಟದ್ದು ಸಾಯುವ ವರ್ಷ:
"ಒಬ್ಬನಿಗೆ ನನ್ನ ರೊಟ್ಟಿಯಲ್ಲಿ ಅರ್ಧ ಕೊಟ್ಟೆ."
ಸುಮ್ಮನಿದ್ದ. ಗೋಡೆ ನೋಡಿದ.
"ಒಂದೇ ಸಲ" ಎಂದ.

ನಾನು ಇಳಿದಾಗ ಹದಿನಾರು.
ಬಟ್ಟೆ ಬದಲಿಸುವ ಚಾವಣಿಯಲ್ಲಿ ಸರಪಳಿ ಎಳೆದರೆ
ಅಂಗಿ, ಷರಾಯಿ, ಬೂಟು ಸೂರಿಗೇರಿ ತೂಗುತ್ತಿದ್ದವು.
ನಾವು ಪಾತಾಳಕ್ಕೆ, ನಮ್ಮ ಬಟ್ಟೆ ಆಕಾಶಕ್ಕೆ.
ಝೋಂಗುಲ್ದಾಕಿನಿಂದ ಬಂದ ಸೆಲಾಹತ್ತಿನ್
ಇಪ್ಪತ್ತೆರಡು ವರ್ಷ ನನ್ನ ಬೆನ್ನು ತಿಕ್ಕಿದ, ನಾನು ಅವನದು.
ಅವನ ಎಡಭುಜದ ಕೆಳಗೆ ಇದ್ದಲು ಕೂತು ನೀಲಿಯಾದ ಗಾಯ
ನನಗೆ ಗೊತ್ತು, ಅವನಿಗೆ ಗೊತ್ತಿಲ್ಲ.
ಅವನ ಮನೆಗೆ ಹೋದದ್ದು ಎರಡೇ ಸಲ.
ಎರಡೂ ಸಾವಿಗೆ.

ಎಂಬತ್ತಾರರಲ್ಲಿ ಕೊನೆಯ ತೊಟ್ಟಿ ಮೇಲೆ ಬಂತು.
ಹಿತ್ತಾಳೆ ವಾದ್ಯ ಊದಿದರು, ಮಂತ್ರಿ ಕಣ್ಣೊರೆಸಿಕೊಂಡರು,
ಮರುದಿನ ಕಾಂಕ್ರೀಟು ಸುರಿದರು.
ಒಟೀಲಿಯಳ ಬಾಯಿ ಮುಚ್ಚಿತು.

ಹೊಟ್ಟೆ ಖಾಲಿಯಾದ ನೆಲ ಸುಮ್ಮನಿರುತ್ತದೆಯೇ?
ನಾವು ಬಗೆದಷ್ಟೂ ಊರು ತಗ್ಗಿದೆ, ಹದಿನಾಲ್ಕು ಮೀಟರು.
ಚರ್ಚಿನ ಗೋಪುರ ಕಿವುಡನಂತೆ ಎಡಕ್ಕೆ ವಾಲಿದೆ.
ನನ್ನ ಅಡುಗೆಮನೆಯಲ್ಲಿ ಗೋಲಿಯಿಟ್ಟರೆ
ತಾನೇ ಹೊರಟು ಒಲೆಯಡಿಗೆ ಸೇರುತ್ತದೆ.
ಹೊಳೆಗೆ ತನ್ನ ದಾರಿ ಈಗ ಏರು.
ಅದಕ್ಕೇ ಪಂಪು. ಹಗಲೂ ರಾತ್ರಿ ಪಂಪು.
ಎಷ್ಟು ದಿನ ಎಂದು ಕಚೇರಿಯಲ್ಲಿ ಕೇಳಿದೆ.
ಕಾಗದದಲ್ಲಿ ಬರೆದದ್ದು ತೋರಿಸಿದರು: ಶಾಶ್ವತವಾಗಿ.
ಕೆಳಗೆ ಸಹಿ, ಸೀಲು.

ಪಂಪು ನಿಂತರೆ ಇದೆಲ್ಲ ಕೆರೆ.
ಓಡಿಬಂದ ತಾತನನ್ನು ಹುಡುಕಿಕೊಂಡು
ಅವನ ಕೆರೆಗಳು ಇಲ್ಲಿಯವರೆಗೂ ನಡೆದುಬಂದು
ನೆಲದಡಿ ಕಾಯುತ್ತಿವೆ ಎನ್ನಿಸುತ್ತದೆ ಒಮ್ಮೊಮ್ಮೆ,
ಮಂಡಿ ನೋಯುವ ರಾತ್ರಿಗಳಲ್ಲಿ.

ನನ್ನ ಮಗಳು ಅನೆಗ್ರೆಟ್ ಈಗ ಪಂಪುಮನೆಯ ಪಾಳಿ.
ಬಿಲ್ಲೆ ಅವಳ ಕೀಲಿಗೊಂಚಲಲ್ಲಿ.
ರಾತ್ರಿ ಎರಡಕ್ಕೆ ಫೋನು: "ನೀರು ಇರಬೇಕಾದಲ್ಲೇ ಇದೆ,
ನೀನು ಮಲಗು."
ಮಲಗುವುದಿಲ್ಲ. ಬೆಳಗಿನ ಆರಕ್ಕೆ
ಒಲೆಯ ಪಕ್ಕದ ಬರಿ ಮೊಳೆ ನೋಡಿ
ಬಾಗಿಲು ತೆರೆದು ನಿಂತಿರುತ್ತೇನೆ, ಏಪ್ರನ್ನಿನಲ್ಲೇ.
ಸೈಕಲ್ ನಿಲ್ಲಿಸುತ್ತ ಬೈಯುತ್ತಾಳೆ:
"ನಾನು ನೆಲದ ಮೇಲೇ ಇದ್ದೆನಲ್ಲಪ್ಪ!"

ಇರಲಿ. ಕಾಫಿ ಆರುತ್ತಿದೆ.
ಮೊದಲು ಬಿಲ್ಲೆ ನೇತುಹಾಕು.