ಹೊರುವವರು

ಆಂಡಿಸ್ಸಿನ ಈ ಎತ್ತರದಲ್ಲಿ ಗಾಳಿಯೂ ಪಾವಿನ ಲೆಕ್ಕ.
ತಗಡಿನ ಕ್ಲಿನಿಕ್ಕಿನಲ್ಲಿ ಹಿಲಾರಿಯೋ ತೋಳು ಚಾಚಿದ್ದಾನೆ,
ಕಪ್ಪು ಮೆಕ್ಕೆಜೋಳದ ಪಾನಕ ಕುಡಿದವನ ತುಟಿ.

ನರ್ಸ್ ಫ್ಲೋರಿಂದಾ ಬಿಡಿಸಿ ಹೇಳಿದಳು:
ಉಸಿರು ಸಾಲದೆಂದು ಮೂತ್ರಪಿಂಡಕ್ಕೆ ಗಾಬರಿ,
ಮೂಳೆಯ ಮಜ್ಜೆಗೆ ಹೇಳಿಕಳಿಸುತ್ತದೆ.
ಮಜ್ಜೆ ಪಾಪ, ಎಷ್ಟು ಎಂದು ಕೇಳುವುದಿಲ್ಲ,
ಕೆಂಪು ಕಣಗಳನ್ನು ಹೆತ್ತು ಹೆತ್ತು ದೂಡುತ್ತದೆ;
ಒಂದೊಂದು ಹಿಮೋಗ್ಲೋಬಿನ್ನಿಗೂ ನಾಲ್ಕು ಚೂರು ಕಬ್ಬಿಣ,
ಚೂರಿಗೊಂದು ಗುಟುಕು ಗಾಳಿ.
ಹೊರುವವರು ಹೆಚ್ಚಿದರು. ಹೊರೆ ಹೆಚ್ಚಲಿಲ್ಲ.
ದಾರಿಯೇ ಕಟ್ಟಿಕೊಂಡಿತು.

ಇದರಲ್ಲಿ ತಿಳಿಯದ್ದೇನು ನನಗೆ?
ಗಣಿಯ ಬಾಯಲ್ಲೂ ಇದೇ:
ಚಿನ್ನ ಚಿಟಿಕೆ, ಚೀಲ ಹಿಡಿದವರು ಸಾವಿರ.
ತಿಂಗಳಿಡೀ ಧಣಿಗೆ ದುಡಿದರೆ
ಕಡೆಯ ದಿನದ ಕಲ್ಲು ಅವನಿಗೆ.
ಹೋದ ಸಲದ ಚೀಲ ನಾನೇ ಕುಟ್ಟಿದೆ,
ಪಾದರಸಕ್ಕೆ ಏನೂ ಅಂಟಲಿಲ್ಲ.

ಬಾಟಲಿ ತುಂಬುತ್ತಿದೆ, ಕಾಕಂಬಿಯಂತೆ, ತಡೆತಡೆದು.
"ತಲೆ ಹಗುರಾಯ್ತಾ?"
ಕೋಕಾ ಎಲೆ ಇನ್ನೊಂದು ದವಡೆಗೆ ಸರಿಸಿ ನಕ್ಕ.
ಸಮುದ್ರದ ಕಡೆ ಇಳಿದುಬಿಡಿ, ರಕ್ತ ತಾನೇ ತೆಳುವಾಗುತ್ತೆ
ಎನ್ನುತ್ತಾಳೆ ಫ್ಲೋರಿಂದಾ, ಪ್ರತಿ ಸಲ.
ಹದಿನೈದು ವರ್ಷದಲ್ಲಿ ಅವನು ಕೂಡಿಟ್ಟದ್ದು ಈ ಕಬ್ಬಿಣವೊಂದೇ;
ಅದನ್ನೂ ಬಕೆಟ್ಟಿಗೆ ಸುರಿದಳು.

ಹತ್ತಿ ಒತ್ತಿ ಹಿಡಿದು ಎದ್ದ.
ನಾಳೆ ಅವನ ಕಲ್ಲಿನ ದಿನ.