ಕಡಿಮೆ ಬಿದ್ದ ದಿನಗಳು

ಕರಗಾಂಡದ ಹೆರಿಗೆ ಆಸ್ಪತ್ರೆ, ಮೂರನೇ ಮಹಡಿ,
ಹಸಿರು ಬಾಗಿಲಿನೆದುರು ಒಂದು ಬೆಂಚು.
ಅದರ ಎಡಗಾಲು ಗಿಡ್ಡ. ರಟ್ಟು ಮಡಚಿ ಕೊಟ್ಟಿದ್ದೇನೆ,
ಆದರೂ ಅಲುಗುತ್ತದೆ. ಕೂರಪ್ಪ, ಸಾಪರ್.
ಹೊರಗೆ ಸೊನ್ನೆಗಿಂತ ಇಪ್ಪತ್ತೊಂಬತ್ತು ಕೆಳಗೆ,
ನಿನ್ನ ರೆಪ್ಪೆಯ ಹಿಮವಿನ್ನೂ ಕರಗಿಲ್ಲ,
ಉಗುರಸಂದಿಯ ಕಲ್ಲಿದ್ದಲೂ ಹೋಗಿಲ್ಲ.
ಚಹಾ ಕುಡಿ. ಹಾಲು ಹಾಕಿದ್ದು, ಒಂಚೂರು ಉಪ್ಪು.

ನಾನು ಡಾಕ್ಟರಲ್ಲ, ನರ್ಸೂ ಅಲ್ಲ.
ಮೂವತ್ತೇಳನೇ ನಂಬರ್ ಬಸ್ಸಿನಲ್ಲಿ ಟಿಕೆಟ್ ಹರಿಯುವವಳು.
ಗುರುವಾರ ರಜೆ. ಗುರುವಾರ ಇಲ್ಲಿರುತ್ತೇನೆ.

ಒಂದು ಕಿಲೋ ನೂರಾ ಹತ್ತು ಅಂದೆಯಾ?
ನನ್ನವಳು ಒಂಬೈನೂರಾ ನಲವತ್ತು.
ಆಗೆಲ್ಲ ಅಂಗಡಿಗೆ ಹೋದರೆ ಸಕ್ಕರೆ ಪೊಟ್ಟಣ ಎತ್ತಿ
ಅಂಗೈಯಲ್ಲಿ ತೂಗಿ ತೂಗಿ ಇಟ್ಟುಬಿಡುತ್ತಿದ್ದೆ,
ಕೊಳ್ಳದೆ.
ಅಂಗಡಿಯವಳು ನನ್ನನ್ನು ಕಳ್ಳಿಯೆಂದೇ ತಿಳಿದಳು.

ಅವಳ ಚರ್ಮ ಈರುಳ್ಳಿಯ ಒಳಪೊರೆ.
ದಿನಕ್ಕೆ ಹತ್ತು ನಿಮಿಷ, ಅದೂ ಬಾಗಿಲ ಗಾಜಿನಿಂದ.
ಸೋಂಕು, ಅಂದರು. ನಿಯಮ, ಅಂದರು.
ಹಿಂಡಿದ ಹಾಲು ಕಿಟಕಿಯಲ್ಲಿ ಕೊಟ್ಟು ಹೋಗು, ಅಂದರು.
ಅವಳ ಮಣಿಕಟ್ಟಿನ ಪಟ್ಟಿಯಲ್ಲಿ ನನ್ನ ಹೆಸರಿತ್ತು,
ಒಂದು ಅಕ್ಷರ ತಪ್ಪಾಗಿ.

ಅತ್ತೆ ಬಾತಿಮಾ ಹೇಳುತ್ತಿದ್ದಳು:
ಹುಲ್ಲುಗಾವಲಿನ ಕಾಲದಲ್ಲಿ, ದಿನ ತುಂಬದ ಕೂಸನ್ನು
ನರಿತೊಗಲಿನ ಟೊಪ್ಪಿಯೊಳಗೆ ಮಲಗಿಸಿ
ಗುಡಾರದ ಜಾಲರಿಗೋಡೆಯ ಕೋಲುತುದಿಗೆ ತೂಗುಹಾಕುತ್ತಿದ್ದರಂತೆ.
ಇವತ್ತು ಈ ತುದಿ, ನಾಳೆ ಪಕ್ಕದ್ದು.
ಎಷ್ಟು ದಿನ ಕಡಿಮೆ ಬಿತ್ತೋ ಅಷ್ಟು ತುದಿ.
ಎಣಿಕೆ ಮುಗಿಯುವಷ್ಟರಲ್ಲಿ
ಬಸುರಿನ ಬಾಕಿ ಚುಕ್ತಾ.
ಎಷ್ಟು ಟೊಪ್ಪಿಗಳು ನಡುದಾರಿಯಲ್ಲೇ ನಿಂತವು,
ಅದನ್ನು ಅತ್ತೆ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆದರೆ ನೋಡು, ಆ ಗುಡಾರದಲ್ಲಿ
ತಾಯಿ ಹೊರಗಿರಲಿಲ್ಲ.
ಒಲೆಯ ಪಕ್ಕ ಅವಳು, ಕೈಯೆತ್ತಿದರೆ ಕೂಸು.
ಟೊಪ್ಪಿ ಅಪ್ಪನದು, ಅವನ ಬೆವರ ವಾಸನೆಯದು.

ಇದನ್ನೇ ಬರೆದೆ ಮುಖ್ಯ ವೈದ್ಯರಿಗೆ.
ಮೊದಲ ಅರ್ಜಿಗೆ ಉತ್ತರವಿಲ್ಲ.
ಎರಡನೆಯದು ಕಳೆದುಹೋಯಿತು.
ಮೂರನೆಯದಕ್ಕೆ ಹನ್ನೊಂದು ತಾಯಂದಿರ ಸಹಿ,
ಅವರಲ್ಲಿ ಇಬ್ಬರು ಬರಿ ಮಡಿಲಲ್ಲಿ ಮನೆಗೆ ಹೋದವರು.
ಪೆನ್ನಿಗೆ ಮೊದಲು ಕೈ ಚಾಚಿದ್ದು ಅವರೇ.
ಆತ ಕನ್ನಡಕ ಒರೆಸಿಕೊಂಡ:
"ಟೊಪ್ಪಿ ಗಿಪ್ಪಿ ಎಲ್ಲ ಅಜ್ಜಿಕತೆ, ತಂಗಿ."
ಹೌದು, ಅಂದೆ. ಟೊಪ್ಪಿ ಬೇಡ, ಕುರ್ಚಿ ಕೊಡಿ.
ಒಂದೊಂದು ಗಾಜಿನ ಪೆಟ್ಟಿಗೆಗೆ ಒಂದೊಂದು ಕುರ್ಚಿ.
ಜಾಗ ಇಲ್ಲ, ಅಂದ.
ಹದಿನೇಳು ವರ್ಷ ಬಸ್ಸಿನಲ್ಲಿ ದುಡಿದವಳ ಮುಂದೆ
ಜಾಗ ಇಲ್ಲ ಅನ್ನಬಾರದು, ಸಾಪರ್.
ಒಳಗೆ ಹೋಗಿ, ಒಳಗೆ ಜಾಗ ಇದೆ ಅಂತ ಕೂಗಿ ಕೂಗಿ
ಎಷ್ಟು ಜನರನ್ನು ಒಳಗೆ ಹಾಕಿದ್ದೇನೆ ನಾನು!

ಬಂದವು. ಹದಿನಾಲ್ಕು ಪೆಟ್ಟಿಗೆಗೆ ಮೂರು ಕುರ್ಚಿ.
ನಾಲ್ಕನೆಯದಕ್ಕೆ ಮುಂದಿನ ವಾರ ಮತ್ತೆ ಹೋಗಬೇಕು.
ರಜೆಯ ಲೆಕ್ಕದ್ದೂ ಇದೆ: ಕೂಸು ಒಳಗಿದ್ದ ದಿನಗಳನ್ನು
ತಾಯಿಯ ರಜೆಯಲ್ಲಿ ಮುರಿದುಕೊಳ್ಳುತ್ತಾರೆ,
ಅದೊಂದು ಬೇರೆ ಜಗಳ.

ಅಕ್ಬೋಟಾಗೆ ಈಗ ಏಳು. ದಪ್ಪ ಕನ್ನಡಕ.
ಮೆಟ್ಟಿಲಿಳಿಯುವಾಗ ಕಂಬಿ ಬಿಡುವುದಿಲ್ಲ.
ನಲವತ್ತು ಚಮಚ ನೀರಿನ ಶಾಸ್ತ್ರ ಬಂದಾಗ ಅತ್ತೆಗೂ ನನಗೂ ವಾದ,
ಎಂದಿನಿಂದ ಎಣಿಸುವುದು?
ಹುಟ್ಟಿದ ದಿನದಿಂದಲೋ, ಹುಟ್ಟಬೇಕಿದ್ದ ದಿನದಿಂದಲೋ?
ನಾನು ಮನೆಗೆ ತಂದ ದಿನದಿಂದ ಎಣಿಸಿದೆ.

ನಿನ್ನ ಮಗನೂ ಹೀಗೇ ಆಗುತ್ತಾನೆಂದು ನಾನು ಹೇಳಲಾರೆ.
ಹೇಳುವವರನ್ನು ನಂಬಬೇಡ.
ಜೈನಾಪ್ ಆ ಕಟ್ಟಡದಲ್ಲಿ ಕಣ್ಣು ಬಿಡುವವರೆಗೆ
ನೀನಿದ್ದೀಯ, ಅಷ್ಟೇ ನನಗೆ ಗೊತ್ತು.

ಏಳು. ಮೊಣಕೈವರೆಗೆ ತೊಳೆ, ಎರಡು ಸಲ.
ಅಂಗಿಯ ಗುಂಡಿ ಬಿಚ್ಚು, ನಾಚಿಕೆಪಡಬೇಡ,
ಎದೆಯ ಮೇಲೆ ಮಲಗಿಸುತ್ತಾರೆ.
ಯಾರು ನೀನು ಅಂತ ಕೇಳಿದರೆ
ನೋಡಲು ಬಂದವನು ಅನ್ನಬೇಡ. ಅಪ್ಪ ಅನ್ನು.

ಅದೇನು, ಆಗಿನಿಂದ ಹಿಂಡುತ್ತಿದ್ದೀಯ?
ಟೊಪ್ಪಿ ಇಲ್ಲಿ ಕೊಡು.
ನಾನು ಹಿಡಿದಿರುತ್ತೇನೆ.