ಮೈನಾಕದಲ್ಲಿ ಇಳಿದವರು

ಅಂಗಳದ ಮೂಲೆಯಲ್ಲಿ ಬಿದಿರು ನೆಟ್ಟು
ಕೆಂಪು ಬಟ್ಟೆ ಕಟ್ಟುತ್ತೇವೆ, ಮಾರುತಿ,
ನಿನ್ನಪ್ಪ ಬಂದು ಹೋದದ್ದು ಗೊತ್ತಾಗಲೆಂದು.
ಟ್ರಿನಿಡಾಡಿನ ಗಾಳಿಗೆ ಉಪ್ಪು ಜಾಸ್ತಿ.
ಆರು ತಿಂಗಳಿಗೇ ಕೆಂಪು ಗುಲಾಬಿಯಾಗಿ,
ಗುಲಾಬಿ ಬಿಳಿಚಿ, ಅಂಚು ಎಳೆಯೆಳೆಯಾಗಿ
ನೂಲು ನೂಲೇ ಹಾರಿಹೋಗುತ್ತದೆ ಕಡಲ ಕಡೆಗೆ.
ಇಳಿಸಬಾರದು ಅನ್ನುತ್ತಿದ್ದಳು ಆಜಿ:
"ಅವನ ಬಾವುಟ. ಅವನೇ ಹರಿದುಕೊಳ್ಳಲಿ."

ನಿನಗೇನು,
ತೊಟ್ಟಿಲ ವಯಸ್ಸಿಗೇ ಸೂರ್ಯನನ್ನು ಹಣ್ಣೆಂದು ಹಾರಿ
ವಜ್ರದೇಟಿಗೆ ದವಡೆ ಮುರಿಸಿಕೊಂಡವನು.
ಮುರಿದದ್ದೇ ಹೆಸರಾಯಿತು ನಿನಗೆ.
ಮಗ ಬಿದ್ದನೆಂದು ನಿನ್ನಪ್ಪ ಮುನಿಸಿಕೊಂಡು
ಗುಹೆ ಸೇರಿ ಕೂತಾಗ
ಮೂರು ಲೋಕಕ್ಕೂ ಉಸಿರು ಕಟ್ಟಿತಂತೆ.

ನಮ್ಮವರ ಹೆಸರೂ ಮುರಿದೇ ಬಂದದ್ದು.
ಕಲ್ಕತ್ತೆಯ ಡಿಪೋದಲ್ಲಿ ಗುಮಾಸ್ತನೊಬ್ಬ
ಹತ್ತು ವರ್ಷದ ಸುಗ್ರೀವನನ್ನು
ಸೂಗ್ರಿಮ್ ಎಂದು ಬರೆದುಕೊಂಡ.
ನಿನ್ನ ದೊರೆಯ ಹೆಸರು, ನೋಡು,
ಮಸಿಯ ಒಂದೇ ಅದ್ದಿಗೆ ಸವೆದುಹೋಯಿತು.
ಯಾರ ಉಸಿರೂ ಕಟ್ಟಲಿಲ್ಲ.

ನೀನು ಉಂಗುರ ಒಯ್ದೆ.
ಆಜಿಯ ಅಪ್ಪ ಕೊರಳಲ್ಲಿ ತಗಡಿನ ಬಿಲ್ಲೆ ತಂದ,
ಮೇಲೊಂದು ನಂಬರು.
ಯಾರಿಗೆ ತೋರಿಸುವುದು ಅದನ್ನು?
ಅಶೋಕವನವಿರಲಿಲ್ಲ, ಕಾಯುತ್ತ ಕೂತವಳೂ ಇರಲಿಲ್ಲ,
ಕಬ್ಬಿತ್ತು. ಕಬ್ಬಿನಾಚೆ ಕಬ್ಬು.

ನೀನು ನೆಗೆದದ್ದು ಒಂದು ಹಗಲು.
ಇವರದು ನೂರು ದಿನ, ಹೊಟ್ಟೆ ತೊಳಸುವ ಹಡಗು,
ಸತ್ತವರು ಗೋಣಿಯಲ್ಲಿ ಸುತ್ತಿಕೊಂಡು ನೀರಿಗೆ.
ನೆರಳು ಹಿಡಿದೆಳೆವ ಸಿಂಹಿಕೆಯನ್ನು
ನೀನು ಹೊಟ್ಟೆ ಬಗೆದು ದಾಟಿದೆ.
ಇವರ ನೆರಳು ಒಂದು ಕಾಗದದಲ್ಲಿತ್ತು
ತಾಯಿ ಒತ್ತಿದ ಹೆಬ್ಬೆಟ್ಟಿನ ಕೆಳಗೆ,
ಐದು ವರ್ಷ ಬಿಡಲಿಲ್ಲ.
ದಣಿವಾರಿಸಿಕೋ ಎಂದು ಕಡಲಿಂದೆದ್ದ ಮೈನಾಕವನ್ನು
ನೀನು ಅಂಗೈಯಲ್ಲಿ ಸವರಿ ಮುಂದೆ ಹೋದೆ.
ಇವರಿಗೂ ಸಿಕ್ಕಿತು ಒಂದು ಬಂಡೆಗಲ್ಲಿನ ನಡುಗಡ್ಡೆ.
ಹಲ್ಲು ನೋಡಿ, ನಾಲಗೆ ನೋಡಿ, ಎಣಿಸಿ ಇಳಿಸಿದರು.
ಇಳಿದರು.
ಇಳಿದವರು ಇಳಿದೇ ಉಳಿದರು.

ಬೇಸಗೆಯಲ್ಲಿ ಕೊಯ್ಲಿಗೆ ಮುಂಚೆ ಗದ್ದೆಗೆ ಬೆಂಕಿಯಿಡುತ್ತಿದ್ದರು.
ಕರಿಯ ತರಗು ತೇಲಿಬಂದು
ಒಗೆದು ಹರವಿದ ಓಢಣಿಯ ಮೇಲೆ ಕೂರುತ್ತಿತ್ತು.
ನಾವು ಹುಡುಗರು ಕುಣಿಯುತ್ತಿದ್ದೆವು: ಬಾಲ! ಹನುಮನ ಬಾಲ!
ಯಾವ ರಾವಣನ ಮನೆಯೂ ಸುಡಲಿಲ್ಲ,
ಸುಟ್ಟದ್ದು ಆಜಿಯ ಮೊಣಕೈ.
ಪ್ರತಿ ಪೂಜೆಗೂ ಪಂಡಿತರನ್ನು ಕೇಳುತ್ತಿದ್ದಳು:
"ಹನುಮ ವಾಪಸು ಹೋದನಲ್ಲ ಮಹಾರಾಜ್,
ನನ್ನಪ್ಪ ಯಾಕೆ ಹೋಗಲಿಲ್ಲ?"
ಪಂಡಿತರು ಗಂಟಲು ಸರಿಮಾಡಿಕೊಂಡು
ಶಂಖ ಊದುತ್ತಿದ್ದರು.

ಈಗ ಆಜಿಗೆ ಆ ಪ್ರಶ್ನೆಯೂ ನೆನಪಿಲ್ಲ.
ನನ್ನನ್ನು ತಂಗಿ ಅನ್ನುತ್ತಾಳೆ,
ಅಂಚೆಯವನನ್ನು ಎಸ್ಟೇಟಿನ ಮೇಸ್ತ್ರಿ ಅಂದುಕೊಂಡು
ಬಾಗಿಲ ಹಿಂದೆ ಅಡಗುತ್ತಾಳೆ.
ನಿನಗೂ ಇದೇ ಶಾಪವಿತ್ತಲ್ಲ, ಮಾರುತಿ.
ಋಷಿಗಳ ಕಮಂಡಲ ಮಗುಚಿ ನಾರುಡೆ ಹರಿದ ತುಂಟನಿಗೆ:
ನಿನ್ನ ಬಲ ನಿನಗೇ ಮರೆಯಲಿ,
ಯಾರಾದರೂ ಹೇಳುವ ತನಕ.
ದಂಡೆಯಲ್ಲಿ ಎಲ್ಲರೂ ಕೈಚೆಲ್ಲಿ ಕೂತಾಗ
ಮುದಿ ಕರಡಿಯೊಂದು ಹೇಳಿತು. ನೀನು ಬೆಳೆದೆ.

ಅದನ್ನೇ ನಂಬಿ, ಈ ಮಂಗಳವಾರ
ಹೊಸ ಬಿದಿರು ನೆಡುವ ಮುಂಚೆ
ಅವಳ ಕಿವಿಗೆ ಬಾಯಿಟ್ಟು ಹೇಳಿದೆ:
ಆಜಿ, ನೀನು ಬಾಸ್ಮತಿ. ಸೂಗ್ರಿಮನ ಮಗಳು.
ಸುಗ್ರೀವನ ಮಗಳು.
ಎಂಟು ಹೆತ್ತು ಆರನ್ನು ಉಳಿಸಿಕೊಂಡವಳು.
ಮುಷ್ಕರದ ವರ್ಷ ಎಸ್ಟೇಟಿನ ಜೀಪಿಗೆ ಅಡ್ಡ ಕೂತು
ನಿಧಾನವಾಗಿ ರೊಟ್ಟಿ ತಿಂದವಳು.
ಬಿರುಗಾಳಿಯ ರಾತ್ರಿ ತಗಡಿನ ಸೂರಿನ ಮೇಲೆ
ಬೋರಲು ಮಲಗಿ ಮನೆಯನ್ನು ನೆಲಕ್ಕೆ ಒತ್ತಿಹಿಡಿದವಳು.

ಬೆಳೆಯಲಿಲ್ಲ. ಬೆಟ್ಟವಾಗಲಿಲ್ಲ.
ಯಾರದೋ ಕತೆ ಕೇಳುವವಳ ಹಾಗೆ
ಮುಂಗೈಯ ಹಸಿರು ಹಚ್ಚೆ ಸವರುತ್ತ ಕೂತಳು.
ಆಮೇಲೆ ಅಡುಗೆಮನೆಯ ಕಡೆ ಮೂಗು ಅರಳಿಸಿ,
"ರೋಟಿನ ಹಿಟ್ಟಿಗೆ ತುಪ್ಪ ಸಾಲದು" ಅಂದಳು,
"ಒಣಕಲು ಮಾಡಬೇಡಿ ಅವನಿಗೆ.
ಅಷ್ಟು ದೂರದಿಂದ ಬರುವವನು."